ಬೆನ್ನು ತೋರಿಸಿದವನಿಗೆ ಪುಕ್ಕಟೆ ಪೆಟ್ಟು

ನಾನು ಹುಟ್ಟಿದಾಗಿನಿಂದ ಮನೆಯಿಂದ ಒಂದೇ ಸಲಕ್ಕೆ ಹೊರಬಿದ್ದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಮನೆಯೊಳಗೆ ಬರುವುದು ಯಾರಿಗಾದರೂ ಸುಲಭ. ಚಪ್ಪಲಿ ಬಿಟ್ಟು ಕಾಲು ತೊಳೆದರೆ ಮುಗಿಯಿತು. ಹೊರಗೆ ಹೋಗುವುದಿದೆಯಲ್ಲ, ಅದಕ್ಕೆ ಎದೆಗಾರಿಕೆ ಬೇಕು. ನಾನು ಮನೆಯಲ್ಲಿ ಕುಳಿತಿರುವಷ್ಟು ಹೊತ್ತೂ ನಮ್ಮವ್ವ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ. ಜೋಳ ಹಸನು ಮಾಡುತ್ತಿದ್ದಳು, ಎಲೆಯಡಿಕೆ ಹಾಕುತ್ತಿದ್ದಳು, ಗೋಡೆಯ ಮೇಲಿಂದ ಪಕ್ಕದ ಮನೆಯವರ ಎಮ್ಮೆಯ ಆರೋಗ್ಯ ವಿಚಾರಿಸುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿ, "ಬರ್ತೇನಿ ಅವ್ವಾ" ಎಂದು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಹಿಂದಿನಿಂದ ಕೂಗು ಬಿತ್ತೆಂದೇ ತಿಳಿಯಬೇಕು. "ತಮ್ಮಾ, ಛತ್ರಿ ತಗೊಂಡಿಯೇನು?" ಎನ್ನುತ್ತಿದ್ದಳು. ಅದು ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದ ಮಾರ್ಚ್ ತಿಂಗಳಾಗಿರುತ್ತಿತ್ತು.

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಕರೆದರೆ ಹೋದ ಕೆಲಸ ಕೆಡುತ್ತದಂತೆ. ಅದಕ್ಕೊಂದು ಪರಿಹಾರವೂ ಇದೆ. ಕರೆಸಿಕೊಂಡವರು ಮರಳಿ ಒಳಗೆ ಬಂದು, ಕುಳಿತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಇಡೀ ಅಕ್ಕಿಆಲೂರಿನಲ್ಲಿ ಈ ನಿಯಮವನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವ್ವ, ಎಲ್ಲರಿಗಿಂತ ಹೆಚ್ಚು ಸಲ ಮುರಿದವಳೂ ಅವ್ವ. ಕರೆದ ಮರುಕ್ಷಣವೇ ತನ್ನ ಬಾಯಿಗೆ ತಾನೇ ಬೈದುಕೊಂಡು, "ಹಿಂದಿಂದ ಕರದಂಗಾತು ನೋಡು. ಬಾ, ಕುಂದ್ರು, ನೀರು ಕುಡದ ಹೋಗು" ಎನ್ನುತ್ತಿದ್ದಳು. ನಾನು ಕುಳಿತು ಕುಡಿದು ಎದ್ದು ಹೊರಡುತ್ತಿದ್ದೆ. ಬೀದಿಯ ತಿರುವಿಗೆ ಬರುವಷ್ಟರಲ್ಲಿ, "ತಮ್ಮಾ, ಬರೋಮುಂದ ನಾಕು ಎಲಿ ತಾ" ಎಂದು ಎರಡನೆಯ ಕೂಗು. ಮತ್ತೆ ನೀರು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯೇ ಹೆಚ್ಚು. ತಡವಾದದ್ದಕ್ಕೆ ಕಾರಣ ಕೇಳಿದ ಹೆಡ್‌ಮಾಸ್ತರರಿಗೆ ಮೊದಲ ವರ್ಷ ಸುಳ್ಳು ಹೇಳಿದೆ, ಎರಡನೆಯ ವರ್ಷ ನಿಜ ಹೇಳಿದೆ, ಆಮೇಲೆ ಅವರೇ ಕನ್ನಡಕದ ಮೇಲಿಂದ ನೋಡಿ, "ಇವತ್ತ ಎಷ್ಟ ತಂಬಿಗಿ ಆತ್ರೀ?" ಎಂದು ಕೇಳಿ ಸುಮ್ಮನಾಗುತ್ತಿದ್ದರು.

ನನ್ನ ಈ ಕಷ್ಟಕ್ಕೆ ಇಂಗ್ಲಿಷ್ ಪುಸ್ತಕವೊಂದರಲ್ಲಿ ಹೆಸರು ಸಿಕ್ಕಿದ್ದು ಎಂಬತ್ತರ ದಶಕದ ನಡುವೆ ಎಲ್ಲೋ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ ಫಕ್ಕೀರಪ್ಪ ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಒಂದು ಪುಸ್ತಕ ಕೊಂಡಿದ್ದ. ಕೊಂಡದ್ದು ಓದಲಿಕ್ಕಲ್ಲ, ಚಿತ್ರಕ್ಕಾಗಿ. ಕತ್ತಿ ಹಿಡಿದವರು, ರೆಕ್ಕೆಯ ಹಾವುಗಳು, ಗಡ್ಡದ ಕುಳ್ಳರು, ನೆಲಮಾಳಿಗೆಗಳು. "ಸರ, ಇದು ಯಾವ ಪುರಾಣ ಅಂತ ಒಂದೀಟ ನೋಡಿ ಹೇಳ್ರಿ" ಎಂದು ನನ್ನ ಕೈಗೆ ಕೊಟ್ಟ. ನಾನು ಎರಡು ದಿನ ನಿಘಂಟು ಹಿಡಿದು ಕುಳಿತೆ. ಪುರಾಣವಲ್ಲ, ಆಟ! ಒಬ್ಬ ಕಥೆ ಹೇಳುತ್ತಾನೆ: ನೀವೊಂದು ಹಾಳು ಕೋಟೆಗೆ ಬಂದಿದ್ದೀರಿ, ಎದುರಿಗೆ ಹಾವಿದೆ, ಏನು ಮಾಡುತ್ತೀರಿ? ಉಳಿದವರು ತಲೆಗೊಬ್ಬ ಯೋಧನಾಗಿ, ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎನ್ನುತ್ತಾರೆ. ಆದದ್ದು ಏನು ಎಂಬುದನ್ನು ದಾಳ ಹೇಳುತ್ತದೆ. ದಾಳಕ್ಕೆ ಇಪ್ಪತ್ತು ಮುಖ ಇರಬೇಕೆಂದು ಬರೆದಿತ್ತು. ಹಾನಗಲ್ ತಾಲೂಕಿನಲ್ಲಿ ಅಂಥದನ್ನು ಕಂಡವರು ಯಾರೂ ಇರಲಿಲ್ಲ. ಫಕ್ಕೀರಪ್ಪ ಇಪ್ಪತ್ತು ಚೀಟಿಗಳ ಮೇಲೆ ಅಂಕಿ ಬರೆದು ಒಂದು ಖಾಲಿ ಪೌಡರ್ ಡಬ್ಬಿಗೆ ಹಾಕಿದ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಆಟ ಶುರುವಾಯಿತು.

ಫಕ್ಕೀರಪ್ಪ ಕಥೆ ಹೇಳುವವನು. ನಾನು ಮತ್ತು ಪಿ.ಟಿ. ಮಾಸ್ತರ ಹನುಮಂತಪ್ಪ ಯೋಧರು. ನನ್ನ ಯೋಧನ ಹೆಸರು ವಜ್ರಪ್ಪ. ಡ್ರಾಯಿಂಗ್ ಹಾಳೆಯ ಮೇಲೆ ಬರೆದ ಕೋಟೆಯಲ್ಲಿ ಅವನು ಒಂದು ಕೋಟಿನ ಗುಂಡಿ. ಹನುಮಂತಪ್ಪನ ಯೋಧ ಸಿಡಿಲಪ್ಪ, ಅವನು ಪಿ.ಟಿ. ಮಾಸ್ತರರ ಸೀಟಿ. ಏಳು ಹೆಡೆಯ ಹಾವಿಗೆ ತಕ್ಕ ವಸ್ತು ಸಿಗದೆ ಅವ್ವನ ಅಡಕೊತ್ತನ್ನು ಬಾಯಿ ತೆರೆದು ಇಟ್ಟಿದ್ದೆವು. ಯುದ್ಧದ ನಟ್ಟನಡುವೆ ಅವ್ವ ಬಂದು, "ಮುಂಜಾನಿಂದ ಹುಡುಕಾಕತ್ತೇನಿ, ಇಲ್ಲೈತಿ ನೋಡು" ಎಂದು ಹಾವನ್ನು ಎತ್ತಿಕೊಂಡು ಹೋಗಿ, ಒಂದು ಅಡಿಕೆ ಕತ್ತರಿಸಿ, ತಂದು ಹಾಳೆಯ ಬೇರೊಂದು ಚೌಕದಲ್ಲಿ ಇಟ್ಟು ಹೋಗುತ್ತಿದ್ದಳು. ಹಾವು ಜಾಗ ಬದಲಿಸಿದ್ದು ನ್ಯಾಯವೋ ಅನ್ಯಾಯವೋ ಎಂದು ನಾವು ಅರ್ಧ ತಾಸು ವಾದಿಸುತ್ತಿದ್ದೆವು.

ಈ ಆಟದಲ್ಲಿ ಸುಮ್ಮನೆ ಕತ್ತಿ ಬೀಸುವುದಕ್ಕಿಂತ ಹೆಚ್ಚಿನದನ್ನೂ ಮಾಡಬಹುದು. ಶತ್ರುವಿನ ತಲೆಯ ಮೇಲಿಂದ ಹಾರಬಹುದು, ಕಾಲ ಸಂದಿಯಿಂದ ನುಸುಳಬಹುದು, ಕೈಯ ಕತ್ತಿ ಕಸಿಯಬಹುದು. ಆದರೆ ಮೊದಲೇ ಹೇಳಬೇಕು. ಫಕ್ಕೀರಪ್ಪ, "ಹದಿನೈದರ ಮ್ಯಾಲ ಬರಬೇಕು" ಎಂದು ಅಂಕಿ ಕಟ್ಟುತ್ತಿದ್ದ. ಚೀಟಿಯಲ್ಲಿ ಅಷ್ಟು ಬರದಿದ್ದರೆ ಕೆಲಸವೂ ಆಗುವುದಿಲ್ಲ, ಮೇಲೆ ಶತ್ರುವಿನಿಂದ ಒಂದು ಏಟು. ಪಿ.ಟಿ. ಮಾಸ್ತರರಿಗೆ ನಿಂತಲ್ಲಿ ನಿಂತು ಹೊಡೆದಾಡುವುದು ಗೊತ್ತೇ ಇರಲಿಲ್ಲ. ಅವರ ಸಿಡಿಲಪ್ಪ ಪ್ರತಿ ಸಲ ಲಾಗ ಹಾಕಿಯೇ ಹಾಕುತ್ತಿದ್ದ, ಪ್ರತಿ ಸಲ ಹಾವಿನ ಮುಂದೆ ಅಂಗಾತ ಬೀಳುತ್ತಿದ್ದ. ನಾನು ಅಂಥ ಅಪಾಯಕ್ಕೆ ಕೈ ಹಾಕಿದವನೇ ಅಲ್ಲ. ನನ್ನ ವಜ್ರಪ್ಪನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಷ್ಟ ಬಂತೆನ್ನುವಾಗ ಬೆನ್ನು ತಿರುಗಿಸಿ ಓಡುವುದು.

ಆ ವಿದ್ಯೆಗೇ ಪುಸ್ತಕದಲ್ಲಿ ಒಂದು ನಿಯಮ ಕಾದಿತ್ತು. ಕೈಯಳತೆಯಲ್ಲಿರುವ ಶತ್ರುವಿಗೆ ಬೆನ್ನು ತೋರಿಸಿ ಓಡಿದರೆ, ಅವನ ಸರದಿ ಅಲ್ಲದಿದ್ದರೂ ಅವನಿಗೆ ಒಂದು ಏಟು ಹೊಡೆಯುವ ಹಕ್ಕು ಬರುತ್ತದೆ. ನಾನು ಅದನ್ನು 'ಪುಕ್ಕಟೆ ಪೆಟ್ಟು' ಎಂದು ಕನ್ನಡಿಸಿದೆ. ಹಾಗೆ ಕನ್ನಡಿಸಿದ ದಿನವೇ ನನಗೆ ಜ್ಞಾನೋದಯವಾಯಿತು. ಹೊಸ್ತಿಲು ದಾಟಿದ ನಾಲ್ಕನೆಯ ಹೆಜ್ಜೆಗೆ ನನ್ನ ಬೆನ್ನ ಮೇಲೆ ಬೀಳುತ್ತಿದ್ದುದು ಇದೇ ಅಲ್ಲವೇ! ಎಲ್ಲೋ ಸಮುದ್ರದಾಚೆ ಕುಳಿತವರು ನಮ್ಮವ್ವನನ್ನು ನೋಡದೆಯೇ ಇಷ್ಟು ಸರಿಯಾಗಿ ಬರೆದಿದ್ದಾರೆಂದು ಆಶ್ಚರ್ಯಪಟ್ಟೆ. ಇದರಿಂದ ಪಾರಾಗುವ ದಾರಿಯನ್ನೂ ಬರೆದಿದ್ದರು. ಮುಖ ಶತ್ರುವಿನ ಕಡೆಗೇ ಇಟ್ಟು ನಿಧಾನವಾಗಿ ಹಿಂದೆ ಹಿಂದೆ ಸರಿದರೆ ಪೆಟ್ಟಿಲ್ಲ. ಸೋಮವಾರ ಬೆಳಿಗ್ಗೆ ನಾನು ಅವ್ವನಿಗೆ ಮುಖ ಕೊಟ್ಟು ನಗುತ್ತ ಹಿಂದೆ ಹಿಂದೆ ನಡೆದು ಹೊಸ್ತಿಲು ದಾಟಲು ಹೋಗಿ, ನೀರಿನ ಕೊಡಕ್ಕೆ ಕಾಲು ತಾಗಿ ಬಿದ್ದೆ. ಅವತ್ತು ಹೆಡ್‌ಮಾಸ್ತರರು, "ಇವತ್ತ ಕುಡ್ಯೋದು ಬಿಟ್ಟು ಜಳಕಾನ ಮಾಡೀರೇನ್ರೀ?" ಎಂದು ಕೇಳಿದರು.

ಇಷ್ಟು ಹೊತ್ತು ನಾನು ಹೆಂಡತಿಯ ಸುದ್ದಿ ಎತ್ತಿಲ್ಲ. ಎತ್ತಲು ಸ್ವಲ್ಪ ಅಳುಕಿದೆ. ಗಿರಿಜಾ ಮದುವೆಗೆ ಮೊದಲು ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದು ಹೊಲಿಗೆಯ ಪರೀಕ್ಷೆ ಪಾಸು ಮಾಡಿದ್ದಳು. ಅದರ ಸರ್ಟಿಫಿಕೇಟು ನಮ್ಮ ಟ್ರಂಕಿನ ತಳದಲ್ಲಿ ಐದು ವರ್ಷ ಮಲಗಿತ್ತು. ಶಿಗ್ಗಾಂವದ ಒಂದು ಮಹಿಳಾ ಸಂಸ್ಥೆಯವರು ಹಾನಗಲ್ಲಿನಲ್ಲಿ ಹೊಲಿಗೆ ತರಗತಿ ತೆರೆಯುವವರಿದ್ದರು. ಅಲ್ಲಿ ಕಲಿಸುವ ಕೆಲಸಕ್ಕೆ ಗಿರಿಜಾ ಅರ್ಜಿ ಹಾಕಿದ್ದಳು; ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂತು. ಸೋಮವಾರ ಹನ್ನೊಂದು ಗಂಟೆಗೆ, ಶಿಗ್ಗಾಂವದಲ್ಲಿ. ಅವಳು ಅದನ್ನು ಸೆರಗಿನ ಮರೆಯಿಂದ ತೆಗೆದು ನನಗೆ ತೋರಿಸಿದಳು. ನಾನು ಓದಿ, ಮಡಚಿ, ಮರಳಿ ಕೊಟ್ಟು, "ನೋಡೂಣು. ಅವ್ವ ಒಪ್ಪಬೇಕಲ್ಲ? ನಾ ಹೊತ್ತು ನೋಡಿ ಹೇಳ್ತೇನಿ" ಎಂದೆ. ಹನ್ನೆರಡು ದಿನ ನಾನು ಹೊತ್ತು ನೋಡಿದೆ. ಅವ್ವ ಊಟಕ್ಕೆ ಕುಳಿತಾಗ ಊಟದ ಹೊತ್ತಿನಲ್ಲಿ ಬೇಡ ಎನಿಸಿತು, ಖುಷಿಯಲ್ಲಿದ್ದಾಗ ಖುಷಿ ಯಾಕೆ ಕೆಡಿಸಬೇಕು ಎನಿಸಿತು, ಸಿಟ್ಟಿನಲ್ಲಿದ್ದಾಗಿನ ಮಾತಂತೂ ಬಿಡಿ. ಗಿರಿಜಾ ದಿನಾ ಸಂಜೆ ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಆ ತಲೆಯಾಟಕ್ಕೆ ಇವತ್ತಲ್ಲ ನಾಳೆ ಎಂಬುದರಿಂದ ಹಿಡಿದು ಏನು ಬೇಕಾದರೂ ಅರ್ಥ ಮಾಡಿಕೊಳ್ಳಬಹುದಿತ್ತು.

ಸಂದರ್ಶನದ ಹಿಂದಿನ ದಿನ ಭಾನುವಾರ. ಪಿ.ಟಿ. ಮಾಸ್ತರರು ಮದುವೆಗೆಂದು ಸವಣೂರಿಗೆ ಹೋಗಿದ್ದರು. ಚಹಾ ತಂದ ಗಿರಿಜಾಳಿಗೆ ಫಕ್ಕೀರಪ್ಪ, "ಅಕ್ಕಾರ, ಒಬ್ಬರು ಕಡಿಮಿ ಅದೀವಿ, ಕುಂದರ್ರಿ" ಎಂದ. ಬೇಡವೆನ್ನುತ್ತಾಳೆಂದು ನಾನು ತಿಳಿದಿದ್ದೆ. ಅವಳು ಸೆರಗು ಸಿಕ್ಕಿಸಿ ಕುಳಿತು, ಹೊಲಿಗೆಯ ದಾರದ ಒಂದು ರೀಲನ್ನು ಕೋಟೆಯೊಳಗೆ ಇಟ್ಟೇಬಿಟ್ಟಳು. ಹಾವಿನ ಹಿಂದೆ ಬಾಗಿಲು, ಬಾಗಿಲಾಚೆ ಸಾಮ್ರಾಜ್ಯ. ಮೂರು ಭಾನುವಾರಗಳಿಂದ ನಾವು ಹಾವಿನ ಮುಂದೆಯೇ ಕೊಳೆಯುತ್ತಿದ್ದೆವು. ಗಿರಿಜಾ ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಮಾಸ್ತರ, ಈ ಹಾವು ಒಂದ ಸುತ್ತಿನ್ಯಾಗ ಎಷ್ಟ ಸಲ ಪುಕ್ಕಟ ಹೊಡೀತೈತ್ರಿ?"

ಫಕ್ಕೀರಪ್ಪ ನನ್ನ ಕಡೆ ನೋಡಿದ, ನಾನು ಪುಸ್ತಕ ನೋಡಿದೆ. "ಒಮ್ಮೆ" ಎಂದೆ.

"ಹಂಗಾರ ಮೊದಲ ಇವರು ಬೆನ್ನ ತೋರಿಸಿ ಓಡ್ಲಿ. ಹಾವು ಇವರಿಗೆ ಹೊಡೀತೈತಿ. ಆಮ್ಯಾಲ ನಾ ಅದರ ಬಾಜೂಕ ಹಾದು ಬಾಗಲಕ್ಕ ಹೋಗ್ತೇನಿ. ನನಗ ಹೊಡ್ಯಾಕ ಅದಕ್ಕ ಪಾಳಿ ಉಳದಿರಂಗಿಲ್ಲ."

"ಮತ್ತ ವಜ್ರಪ್ಪ ಸತ್ರ?" ಎಂದೆ ನಾನು.

"ಅಷ್ಟಾರ ಕೆಲಸಕ್ಕ ಬರ್ಲಿ ಬಿಡ್ರಿ" ಎಂದಳು ಗಿರಿಜಾ.

ವಜ್ರಪ್ಪ ಓಡಿದ, ಪೆಟ್ಟು ತಿಂದ, ಅರೆಜೀವವಾಗಿ ಮೂಲೆಗೆ ಬಿದ್ದ. ದಾರದ ರೀಲು ಅಡಕೊತ್ತಿನ ಪಕ್ಕದಿಂದ ಸರ್ರೆಂದು ಹಾದು ಬಾಗಿಲು ಸೇರಿತು. ಫಕ್ಕೀರಪ್ಪ ಚಪ್ಪಾಳೆ ಹೊಡೆದ. ನಾನು ಮಾತ್ರ ಬೇರೆಯದೇ ಯೋಚನೆಯಲ್ಲಿ ಮುಳುಗಿದ್ದೆ. ಶಿಗ್ಗಾಂವ ತಲುಪಬೇಕಾದರೆ ಏಳೂವರೆಯ ಬಸ್ಸಿಗೆ ಹಾನಗಲ್ಲಿಗೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕು. ಮುಂದಿನದು ಹತ್ತಕ್ಕೆ; ಅದನ್ನು ನಂಬಿದರೆ ಸಂದರ್ಶನ ಮುಗಿದ ಮೇಲೆ ಶಿಗ್ಗಾಂವದ ಪೇಟೆ ನೋಡಿಕೊಂಡು ಬರಬೇಕು, ಅಷ್ಟೆ. ಅವ್ವನಿಗೆ ಹೇಳದೆಯೇ ಗಿರಿಜಾ ಹೊರಡಬೇಕು, ಅವ್ವ ಹಿಂದಿನಿಂದ ಕರೆಯಬಾರದು. ಕರೆದರೆ ಕುಳಿತು ನೀರು ಕುಡಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಈಗ ದಾರಿ ಸಿಕ್ಕಿತ್ತಲ್ಲ! ಮೊದಲು ನಾನು ಹೊರಡುವುದು, ಕೂಗನ್ನು ನನ್ನ ಬೆನ್ನ ಮೇಲೆ ಬರಮಾಡಿಕೊಂಡು ಒಳಗೆ ಬಂದು ನೀರು ಕುಡಿಯುತ್ತ ಅವ್ವನನ್ನು ಮಾತಿಗೆಳೆಯುವುದು, ಆ ಸಂದಿಯಲ್ಲಿ ಗಿರಿಜಾ ಹಾದುಹೋಗುವುದು. ಫಕ್ಕೀರಪ್ಪ ಹೋದ ಮೇಲೆ ಈ ವ್ಯೂಹವನ್ನು ಅವಳಿಗೆ ವಿವರಿಸಿದೆ. ಹೆಂಡತಿಗಾಗಿ ಪೆಟ್ಟು ತಿನ್ನಲು ಸಿದ್ಧನಾದ ಗಂಡ ಎಂದು ನನ್ನ ಎದೆ ತುಸು ಉಬ್ಬಿತ್ತು ಕೂಡ.

"ಅಂದ್ರ ನೀವು ಅತ್ತಿಯವರಿಗೆ ಇನ್ನಾ ಹೇಳಿಲ್ಲ" ಎಂದಳು ಗಿರಿಜಾ.

"ಹೇಳೋದ ಯಾಕ ಬೇಕು? ಯುಕ್ತಿ ಐತಲ್ಲ."

ಅವಳು ಚೀಟಿಗಳನ್ನು ಪೌಡರ್ ಡಬ್ಬಿಗೆ ತುಂಬಿ ಮುಚ್ಚಿದಳು. ಆಮೇಲೆ ಸೀರೆಗೆ ಇಸ್ತ್ರಿ ಹಾಕಲು ಒಳಗೆ ಹೋದಳು.

ಬೆಳಿಗ್ಗೆ ಏಳಕ್ಕೆ ನಾನು ಊರಿಗೆಲ್ಲ ಕೇಳುವಂತೆ "ಬರ್ತೇನಿ ಅವ್ವಾ" ಎಂದು ಹೊಸ್ತಿಲು ದಾಟಿದೆ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಕೂಗಿಲ್ಲ. ಐದು, ಆರು. ಚಪ್ಪಲಿಯ ಉಂಗುಷ್ಟ ಸರಿಪಡಿಸುವ ನೆವದಲ್ಲಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತೆ. ಬಲಗಾಲಿನದು ಸರಿಪಡಿಸಿ ಎಡಗಾಲಿನದಕ್ಕೆ ಕೈ ಹಚ್ಚಿದೆ. ಎಮ್ಮೆ ನನ್ನನ್ನು ನೋಡಿತು. ಮನೆಯಿಂದ ಸದ್ದೇ ಇಲ್ಲ. ಮೂವತ್ತೈದು ವರ್ಷಗಳಲ್ಲಿ ಮೊದಲ ಸಲ ಅವ್ವ ನನ್ನನ್ನು ಹಿಂದಿನಿಂದ ಕರೆಯಲಿಲ್ಲ! ಮೈ ಹುಷಾರಿಲ್ಲವೇ ಎಂದು ಗಾಬರಿಯಾಗಿ ನಾನೇ ತಿರುಗಿ ಬಾಗಿಲಿಗೆ ಹೋದೆ.

"ಅವ್ವಾ, ನಾ ಹೊಂಟೇನಿ. ಎಲಿ ಗಿಲಿ ಏನಾರ ತರೋದೈತೇನು?"

"ಏನೂ ಬ್ಯಾಡ, ನಡಿ" ಎಂದಳು ಅವ್ವ, ನನ್ನ ಕಡೆ ನೋಡದೆ. ಅವಳ ಲಕ್ಷ್ಯವೆಲ್ಲ ಗಿರಿಜಾಳ ಮೇಲಿತ್ತು. ಗಿರಿಜಾ ಹಸಿರು ಸೀರೆ ಉಟ್ಟು, ಸರ್ಟಿಫಿಕೇಟಿನ ಚೀಲ ಹಿಡಿದು ನಿಂತಿದ್ದಳು. ಅವ್ವ ಅವಳ ಹಣೆಗೆ ಕುಂಕುಮ ಹಚ್ಚಿ ಅಂಗೈಗೆ ಮೊಸರು ಹಾಕುತ್ತಿದ್ದಳು. "ಕೇಳಿದ್ದಕ್ಕ ಧೈರ್ಯಲೆ ಉತ್ತರಾ ಕೊಡು. ಅಂಜಬ್ಯಾಡ" ಎನ್ನುತ್ತಿದ್ದಳು. ಗಿರಿಜಾ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಡೆ ಒಮ್ಮೆ ನೋಡಿ, ಹೊರಟಳು. ನಾನು ಬಾಯಿ ತೆರೆದುಕೊಂಡು ಅವ್ವನ ಪಕ್ಕದಲ್ಲಿ ಹೊಸ್ತಿಲ ಮೇಲೆ ನಿಂತೆ.

ಅವಳು ನಾಲ್ಕು ಮನೆ ದಾಟಿದಳು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅವಳು ಹೋಗುತ್ತಿದ್ದಾಳೆ, ನಿಜವಾಗಿ ಹೋಗುತ್ತಿದ್ದಾಳೆ, ಇವತ್ತು ಹೋದವಳು ಕೆಲಸ ಸಿಕ್ಕರೆ ದಿನಾ ಹೋಗುತ್ತಾಳೆ ಎಂಬುದು ಆಗ ನನ್ನ ತಲೆಗೆ ಹೋಯಿತು. ಆಮೇಲಿನದು ನಾನು ಮಾಡಿದ್ದೋ ನನ್ನ ಬಾಯಿ ಮಾಡಿದ್ದೋ, ಇವತ್ತಿಗೂ ಹೇಳಲಾರೆ.

"ಗಿರಿಜಾ! ಚಾಪುಡಿ ಡಬ್ಬಿ ಎಲ್ಲೈತಿ?"

ಕಸ ಗುಡಿಸುತ್ತಿದ್ದ ಪಕ್ಕದ ಮನೆಯಾಕೆ ಕಸಬರಿಗೆ ಹಿಡಿದೇ ನನ್ನ ಕಡೆ ತಿರುಗಿದಳು. ಗಿರಿಜಾ ನಿಂತುಬಿಟ್ಟಳು. ಅವಳೂ ಅದೇ ನಿಯಮದಲ್ಲಿ ಬೆಳೆದವಳು; ಅವಳ ಬೆನ್ನು ನೋಡಿಯೇ ಅವಳಿಗೆ ಎಷ್ಟು ಕಷ್ಟವಾಗುತ್ತಿದೆಯೆಂದು ತಿಳಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಹೊಳ್ಳಿ ನೋಡಬ್ಯಾಡವಾ! ನಡಿ ನೀ!" ಎಂದು ಅವ್ವ ಕೂಗಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. "ಕರದಾಂವ ನೀ. ದೋಷ ನಿಂದು. ಕುಂದ್ರು. ನೀನ ನೀರು ಕುಡಿ."

ಶಾಸ್ತ್ರದಲ್ಲಿ ಹೀಗೆ ಎಲ್ಲಿಯೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೆ ಅವ್ವನ ಮುಖ ನೋಡಿ ಪುಸ್ತಕ ತೆಗೆಯುವ ಧೈರ್ಯವಾಗಲಿಲ್ಲ. ಕುಳಿತು ಕುಡಿದೆ. ಅವ್ವ ಇನ್ನೊಂದು ತಂಬಿಗೆ ತುಂಬಿ ತಂದು ಎದುರಿಗೆ ಇಟ್ಟು, ತಾನೂ ಕುಳಿತಳು.

"ನಿನಗ ಯಾರ ಹೇಳಿದ್ರು?" ಎಂದೆ.

"ಅಕೀನ. ಕಾಗದ ಬಂದ ದಿನಾನ ಹೇಳ್ಯಾಳ. ನಿನ್ನ ಗಂಡ ಏನಂತಾನ ಅಂತ ಕೇಳಿದೆ. ಅವರು ಇನ್ನಾ ಬಾಯಿ ಬಿಟ್ಟಿಲ್ಲ ಅತ್ತಿ ಅಂದ್ಲು. ಹನ್ನೆರಡ ದಿನ ಇಬ್ಬರೂ ನಿನ್ನ ಮಾರೀನ ನೋಡಾಕತ್ತೇವಿ. ಹೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ. ನಿನಗ ಅಂಜಿ ಅಕಿ ಎರಡ ಸಲ ಬ್ಯಾಡ ಬಿಡ್ರಿ ಅತ್ತಿ ಅಂತ ಅತ್ತಾಳ."

ನನಗೆ ಅಂಜಿ! ಅಂಜುವುದಕ್ಕೆ ಯೋಗ್ಯವಾದ ವಸ್ತು ನಾನೆಂದು ಯಾರೂ ಹಿಂದೆ ಹೇಳಿರಲಿಲ್ಲ. ನಾನು ವಜ್ರಪ್ಪನೆಂದೇ ತಿಳಿದು ಇಷ್ಟು ದಿನ ಕುಳಿತಿದ್ದೆ. ಬಾಗಿಲಿಗೆ ಅಡ್ಡವಾಗಿ ಬಾಯಿ ತೆರೆದುಕೊಂಡು ಕುಳಿತದ್ದು ಅವ್ವನಲ್ಲ ಎಂಬುದು ಹೊಳೆಯುವಾಗ ಕೈಯಲ್ಲಿ ಎರಡನೆಯ ತಂಬಿಗೆ ಇತ್ತು. ಏನಾದರೂ ತಿರುಗಿ ಹೇಳಬೇಕಲ್ಲ ಎಂದು, "ನೀನೂ ಅಷ್ಟ. ನನ್ನ ದಿನಾ ಹಿಂದಿಂದ ಕರೀತಿಯಲ್ಲ, ಅದು?" ಎಂದೆ.

"ನೀ ಯಾವಾಗ ಮಾರಿ ಕೊಟ್ಟು ಮಾತಾಡಿದಿ? ಮನ್ಯಾಗಿದ್ರ ಪೇಪರ ಓದ್ತಿ, ಇಲ್ಲಂದ್ರ ಆ ಚೀಟಿ ಡಬ್ಬಿ ಅಳ್ಳಾಡಸ್ತಿ. ನೀ ಹೊಂಟಿ ಅಂದಾಗ, ಅಯ್ಯ, ಇವತ್ತೂ ಮಾತಾಡಲಿಲ್ಲಲ್ಲ ಅಂತ ನೆನಪಾಗಿ ಬಾಯಿಗೆ ಬಂದದ್ದ ಕೂಗತೇನಿ. ಛತ್ರಿ ನನಗ್ಯಾಕ ಬೇಕಪ್ಪ?"

ಎರಡನೆಯ ತಂಬಿಗೆಯನ್ನೂ ಖಾಲಿ ಮಾಡಿದೆ. ಶಾಲೆಗೆ ಇನ್ನೂ ಹೊತ್ತಿತ್ತು. ಅವ್ವನ ಎದುರು ಒಂದು ತಾಸು ಕುಳಿತು ಎಮ್ಮೆಯ ಸುದ್ದಿ, ತಡಸದಲ್ಲಿರುವ ಅಕ್ಕನ ಸುದ್ದಿ, ತನ್ನ ಮೊಣಕಾಲಿನ ಸುದ್ದಿ ಎಲ್ಲ ಕೇಳಿದೆ. ಅವತ್ತು ನಾನು ಹೊರಟಾಗ ಅವ್ವ ಕರೆಯಲಿಲ್ಲ. ಗಂಟೆ ಬಾರಿಸುವ ಮೊದಲೇ ಶಾಲೆ ತಲುಪಿದೆ. ಹೆಡ್‌ಮಾಸ್ತರರು ಗಡಿಯಾರ ನಿಂತಿದೆಯೆಂದು ತಿಳಿದು ಅದಕ್ಕೆ ಕೀಲಿ ಕೊಟ್ಟರು. ಪಾಠ ಮಾಡುವಾಗ ಮಾತ್ರ ತಲೆಯಲ್ಲಿ ಒಂದೇ ಚಿಂತೆ. ಬಸ್ಸು ಸಿಕ್ಕಿತೋ ಇಲ್ಲವೋ, ನನ್ನ ಕೂಗಿನಿಂದ ಅವಳ ಕೆಲಸ ಕೆಟ್ಟಿತೋ ಏನೋ. ದೋಷ ಶಕುನಗಳನ್ನು ನಂಬದ ಇಂಗ್ಲಿಷ್ ಮಾಸ್ತರ ಅವತ್ತು ಮೂರು ಸಲ ಪಾಠ ನಿಲ್ಲಿಸಿ ನೀರು ಕುಡಿದ.

ಸಂಜೆ ಐದರ ಬಸ್ಸಿನ ಹೊತ್ತಿಗೆ ನಾನೂ ಅವ್ವನೂ ಬಾಗಿಲಲ್ಲೇ ಇದ್ದೆವು. ಗಿರಿಜಾ ಬೀದಿಯ ತಿರುವಿನಲ್ಲಿ ಕಾಣಿಸಿದಳು. ಮುಖ ಬಾಡಿತ್ತು, ಸೀರೆಯ ತುಂಬ ಧೂಳು. ಅವ್ವ ಕಾಲಿಗೆ ನೀರು ಕೊಟ್ಟಳು. ನಾನು ಇಡೀ ದಿನ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಕ್ಷಮೆಯ ಮಾತುಗಳನ್ನು ಎಲ್ಲಿಂದ ಶುರು ಮಾಡಬೇಕೆಂದು ತೊದಲುತ್ತಿದ್ದೆ. ಗಿರಿಜಾ ಕಾಲು ತೊಳೆದು, ಹೊಸ್ತಿಲು ದಾಟಿ, ಚೀಲ ಇಳಿಸಿ, ನೇರವಾಗಿ ನನ್ನ ಮುಖ ನೋಡಿ ಹೇಳಿದಳು:

"ಚಾಪುಡಿ ಡಬ್ಬಿ ಒಲಿ ಮ್ಯಾಲಿನ ಮಾಡದಾಗ ಐತ್ರಿ, ಉಪ್ಪಿನ ಡಬ್ಬಿ ಬಾಜೂಕ. ಮೂರು ಕಪ್ಪ ಮಾಡ್ರಿ. ಒಂದನೇ ತಾರೀಖಿನಿಂದ ನಾ ಕೆಲಸಕ್ಕ ಹೋಗ್ತೇನಿ."

ನಾನು ಒಳಗೆ ಹೋಗಿ ನೋಡಿದೆ. ಡಬ್ಬಿ ಅಲ್ಲೇ ಇತ್ತು. ಮದುವೆಯಾದಾಗಿನಿಂದಲೂ ಅಲ್ಲೇ ಇದೆಯಂತೆ.